17ಕ್ಕೆ ಈಜು ನಿಲ್ಲಿಸಿದ ಚಾಂಪಿಯನ್, ಟಿವಿಯಲ್ಲಿ ಮೂರು ದಶಕ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಅಮೆರಿಕದ ಒಬ್ಬ ಈಜುಗಾರ್ತಿಯದು. ಹೆಸರು ಬಿಟ್ಟಿದ್ದೇನೆ. ತರಬೇತುದಾರರು, ಸಹ ವಿವರಣೆಗಾರರು, ಕೆಲಸ ಮಾಡಿದ ಟಿವಿ ವಾಹಿನಿಗಳ ಹೆಸರೂ ಇಲ್ಲಿಲ್ಲ. ಇಲ್ಲಿರುವ ಸಂಗತಿಗಳೆಲ್ಲ ಸಾರ್ವಜನಿಕವಾಗಿ ದಾಖಲಾಗಿರುವಂಥವೇ, ಬೇಕೆಂದವರು ಗುರುತು ಹಿಡಿದಾರು. ಹೆಸರು ಬಿಡಲು ಕಾರಣ ಬೇರೆ. ಒಲಿಂಪಿಕ್ ಚಾಂಪಿಯನ್ ಎಂದೊಡನೆ ನಾವು ಪದಕಗಳನ್ನು ಎಣಿಸಲು ಕೂರುತ್ತೇವೆ. ಆ ವ್ಯಕ್ತಿ ಯಾವ ಘಳಿಗೆಯಲ್ಲಿ ಏನು ನಿರ್ಧಾರ ಮಾಡಿದರು, ಏಕೆ ಮಾಡಿದರು ಎಂಬುದನ್ನು ಕೇಳುವುದೇ ಇಲ್ಲ. ನಮ್ಮ ಈಜುಕೊಳಗಳಲ್ಲಿ ಇವತ್ತು ಬೆಳಿಗ್ಗೆ ಐದಕ್ಕೆ ನೀರಿಗಿಳಿಯುವ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಬೇಕಿರುವುದು ಆ ನಿರ್ಧಾರಗಳ ಕಥೆ.

ಹಿನ್ನೆಲೆ

ಹುಡುಗಿ ಹುಟ್ಟಿದ್ದು 1947ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಆಟಗಳ ಹುಚ್ಚಿದ್ದ ಮನೆ. ಅವಳಿಗೆ ಮೊದಲು ಬೇಕಾಗಿದ್ದದ್ದು ಬೇಸ್‌ಬಾಲ್. ಅಣ್ಣ ಆಡುತ್ತಿದ್ದ ಮಕ್ಕಳ ಲೀಗ್‌ನಲ್ಲಿ ಆಗ ಹುಡುಗಿಯರಿಗೆ ಜಾಗವಿರಲಿಲ್ಲ. ಹುಡುಗರ ತಂಡದ ಬ್ಯಾಟುಗಳನ್ನು ಎತ್ತಿಡುವ ಕೆಲಸವಷ್ಟೇ ಅವಳ ಪಾಲಿಗೆ ಬಂತು. ಈಜಿಗೆ ಬಂದದ್ದು ಹಾಗೆ. ನೀರಿನಲ್ಲಿ ಹುಡುಗಿಯರಿಗೂ ಸ್ಪರ್ಧೆ ಇತ್ತು, ಸಮಯ ಬರೆದಿಡುತ್ತಿದ್ದರು, ಗಡಿಯಾರ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

13ನೇ ವಯಸ್ಸಿಗೆ, 1960ರಲ್ಲಿ, 400 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ (ಈಜಿನ ನಾಲ್ಕೂ ಶೈಲಿಗಳನ್ನು ಒಬ್ಬರೇ ಒಂದಾದ ಮೇಲೊಂದು ಈಜುವ ಸ್ಪರ್ಧೆ) ವಿಶ್ವದಾಖಲೆ ಮಾಡಿದಳು. ಆದರೆ ಅದೇ ವರ್ಷದ ರೋಮ್ ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆಯೇ ಇರಲಿಲ್ಲ. ಜಗತ್ತಿನಲ್ಲಿ ತನ್ನಷ್ಟು ವೇಗವಾಗಿ ಯಾರೂ ಈಜದ ದೂರವೊಂದಿದೆ, ಆದರೆ ಅದಕ್ಕೆ ಪದಕ ಕೊಡುವವರಿಲ್ಲ. ರೋಮ್‌ಗೆ ಹೋದ ಅಮೆರಿಕ ತಂಡದಲ್ಲಿ ಅವಳೇ ಅತಿ ಕಿರಿಯಳು. ಈಜಿದ್ದು ರಿಲೇಯ ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಮೊದಲಿನ ಸುತ್ತಿನಲ್ಲಿ ಮಾತ್ರ. ಹೀಟ್ಸ್‌ನಲ್ಲಿ ಈಜಿದವರಿಗೂ ಪದಕ ಕೊಡುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ ಬರಿಗೈಯಲ್ಲಿ ವಾಪಸಾದಳು.

ಇಲ್ಲೇ ಮೊದಲ ನಿರ್ಧಾರ. 13ರ ಹುಡುಗಿಗೆ ನಾಲ್ಕು ವರ್ಷ ಎಂದರೆ ಅದುವರೆಗಿನ ಬದುಕಿನ ಸುಮಾರು ಮೂರನೇ ಒಂದು ಪಾಲು. ಕಾಯಬೇಕೇ? ಮುಂದಿನ ಒಲಿಂಪಿಕ್ಸ್‌ಗೆ ತನ್ನ ಸ್ಪರ್ಧೆ ಸೇರುತ್ತದೋ ಇಲ್ಲವೋ? ಅವಳು ಕಾದಳು. ಹೆಸರಾಂತ ಕ್ಲಬ್ ಒಂದರಲ್ಲಿ ತರಬೇತಿ ಮುಂದುವರಿಯಿತು. ಆಗ ಈಜು ಕನ್ನಡಕದ ರೂಢಿಯಿರಲಿಲ್ಲ. ಕ್ಲೋರಿನ್ ನೀರಿನಲ್ಲಿ ಬರಿಗಣ್ಣಲ್ಲಿ ಸಾವಿರಾರು ಮೀಟರ್ ಈಜಿ, ಕೆಂಪಾದ ಕಣ್ಣಿನಲ್ಲೇ ಶಾಲೆಗೆ ಹೋಗುವುದು ಆ ತಲೆಮಾರಿನ ಈಜುಗಾರರ ದಿನಚರಿಯಾಗಿತ್ತು.

1964ರ ಟೋಕಿಯೋದಲ್ಲಿ ಮಹಿಳೆಯರ 400 ಮೀಟರ್ ಮೆಡ್ಲೆ ಸೇರ್ಪಡೆಯಾಯಿತು. 17ರ ಹುಡುಗಿ 5 ನಿಮಿಷ 18.7 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದಳು. ಎರಡನೆಯವಳು ಐದು ಸೆಕೆಂಡಿಗೂ ಹೆಚ್ಚು ಹಿಂದಿದ್ದಳು. 4x100 ಮೀಟರ್ ಫ್ರೀಸ್ಟೈಲ್ ರಿಲೇಯಲ್ಲಿ ಇನ್ನೊಂದು ಚಿನ್ನ, ಅದೂ ವಿಶ್ವದಾಖಲೆಯೊಂದಿಗೆ.

ಸಮಸ್ಯೆ

ಟೋಕಿಯೋದಿಂದ ಬಂದ ಮೇಲೆ ಅವಳ ಮುಂದೆ ಏನಿತ್ತು ಎಂಬುದನ್ನು ತಣ್ಣಗೆ ಲೆಕ್ಕ ಹಾಕಿ ನೋಡಬೇಕು. ಅದೇ ಮಟ್ಟದ ಹುಡುಗನಾಗಿದ್ದರೆ ಈಜು ತಂಡವಿದ್ದ ವಿಶ್ವವಿದ್ಯಾಲಯಗಳ ಬಾಗಿಲು ತೆರೆದಿರುತ್ತಿತ್ತು. ವಿದ್ಯಾರ್ಥಿವೇತನ, ಕೋಚ್, ಕೊಳ, ನಾಲ್ಕು ವರ್ಷದ ಸ್ಪರ್ಧೆ ಎಲ್ಲವೂ ಓದಿನ ಜತೆಗೇ ಸಿಗುತ್ತಿತ್ತು. ಹುಡುಗಿಯರಿಗೆ ಕಾಲೇಜಿನ ಈಜು ವಿದ್ಯಾರ್ಥಿವೇತನವೆಂಬುದು ಆಗ ಇರಲೇ ಇಲ್ಲ. ಶಿಕ್ಷಣದಲ್ಲಿ ಲಿಂಗತಾರತಮ್ಯ ತಡೆಯುವ ‘ಟೈಟಲ್ ನೈನ್’ ಕಾನೂನು ಬಂದದ್ದು 1972ರಲ್ಲಿ.

ಈಜಿನಿಂದ ಸಂಪಾದಿಸುವ ದಾರಿಯೂ ಇರಲಿಲ್ಲ. ಆ ಕಾಲದ ಒಲಿಂಪಿಕ್ಸ್ ಹವ್ಯಾಸಿಗಳದು. ಆಟದ ಹೆಸರಿನಲ್ಲಿ ದುಡ್ಡು ಮುಟ್ಟಿದರೆ ಸ್ಪರ್ಧಿಸುವ ಅರ್ಹತೆಯೇ ಹೋಗುತ್ತಿತ್ತು. ಹಾಗಾಗಿ ಈಜು ಮುಂದುವರಿಸುವುದೆಂದರೆ ಮನೆಯವರ ಖರ್ಚಿನಲ್ಲಿ, ಕಾಲೇಜಿನ ಬೆಂಬಲವಿಲ್ಲದೆ, ಇನ್ನೂ ನಾಲ್ಕು ವರ್ಷ ಎಂದರ್ಥ.

ತೂಕದ ಇನ್ನೊಂದು ತಟ್ಟೆಯಲ್ಲೂ ಒಂದು ಸಂಗತಿ ಇಡಬೇಕು. ಟೋಕಿಯೋದಲ್ಲಿ ಮಹಿಳೆಯರಿಗೆ ಇದ್ದದ್ದು ಎಂಟೇ ಈಜು ಸ್ಪರ್ಧೆಗಳು. 1968ರ ಮೆಕ್ಸಿಕೋದಲ್ಲಿ ಅದು 14ಕ್ಕೆ ಏರಿತು, 200 ಮೀಟರ್ ಮೆಡ್ಲೆಯೂ ಸೇರಿತು. ಮೆಡ್ಲೆಯಲ್ಲಿ ಪಳಗಿದ, ಆಗಿನ್ನೂ 21 ದಾಟದ ಈಜುಗಾರ್ತಿಯೊಬ್ಬಳು ಅಲ್ಲಿ ಎಷ್ಟು ಪದಕ ತರಬಹುದಿತ್ತೋ ಯಾರು ಬಲ್ಲರು. ಅವಳು ನೀರಿನಿಂದ ಮೇಲೆ ಬಂದದ್ದು ಶಕ್ತಿ ಕುಂದಿ ಅಲ್ಲ. ಮೇಲೆ ಬರುವಂತೆ ಮಾಡಿದ್ದು ವ್ಯವಸ್ಥೆ. ಈ ಪ್ರಕರಣದಲ್ಲಿ ನನಗೆ ಇವತ್ತಿಗೂ ಸಂಕಟವಾಗುವ ಭಾಗ ಇದು.

ಮೊದಲ ತಿರುವು: ಮೈಕ್

1965ರಲ್ಲಿ, ಇನ್ನೂ 17ರ ಹುಡುಗಿಯಾಗಿದ್ದಾಗಲೇ, ಅಮೆರಿಕದ ಒಂದು ರಾಷ್ಟ್ರೀಯ ವಾಹಿನಿಯ ವಾರಾಂತ್ಯದ ಕ್ರೀಡಾ ಕಾರ್ಯಕ್ರಮದಲ್ಲಿ ಈಜು ಸ್ಪರ್ಧೆಯ ವೀಕ್ಷಕ ವಿವರಣೆಗೆ ಕೂತಳು. ಪಕ್ಕದಲ್ಲಿ ಅನುಭವಿ ನಿರೂಪಕರು. ರಾಷ್ಟ್ರೀಯ ವಾಹಿನಿಯ ಕ್ರೀಡಾ ಪ್ರಸಾರದಲ್ಲಿ ಹೆಣ್ಣಿನ ದನಿ ಕೇಳಿಸುವುದೇ ಅಪರೂಪವಾಗಿದ್ದ ಕಾಲ ಅದು.

ಹೇಗೆ ಸಿಕ್ಕಿತು ಎಂಬುದಕ್ಕೆ ಪದಕ ಸಾಕಷ್ಟು ಉತ್ತರ ಕೊಡುತ್ತದೆ. ಟೋಕಿಯೋ ಉಪಗ್ರಹದ ಮೂಲಕ ಚಿತ್ರಗಳು ಸಾಗರ ದಾಟಿದ ಮೊದಲ ಒಲಿಂಪಿಕ್ಸ್. ಟಿವಿಯವರಿಗೆ ಒಲಿಂಪಿಕ್ ಮುಖಗಳ ಬೆಲೆ ಗೊತ್ತಾಗತೊಡಗಿತ್ತು. ಹೇಗೆ ಉಳಿದರು ಎಂಬುದಕ್ಕೆ ಪದಕ ಉತ್ತರವಾಗುವುದಿಲ್ಲ. ಅದೇ ವರ್ಷ ನಿವೃತ್ತರಾದ ಚಾಂಪಿಯನ್‌ಗಳು ಬೇಕಾದಷ್ಟು ಜನ ಇದ್ದರು.

ಅದನ್ನು ಅರ್ಥ ಮಾಡಿಕೊಳ್ಳಲು ಅವರ ಸ್ಪರ್ಧೆಯನ್ನೇ ಹತ್ತಿರದಿಂದ ನೋಡಬೇಕು. 400 ಮೀಟರ್ ಮೆಡ್ಲೆ ಎಂದರೆ 50 ಮೀಟರ್ ಕೊಳದಲ್ಲಿ ಎಂಟು ಉದ್ದ. ಮೊದಲ ಎರಡು ಬಟರ್‌ಫ್ಲೈ, ಆಮೇಲೆ ಎರಡು ಬ್ಯಾಕ್‌ಸ್ಟ್ರೋಕ್, ಎರಡು ಬ್ರೆಸ್ಟ್‌ಸ್ಟ್ರೋಕ್, ಕೊನೆಯ ಎರಡು ಫ್ರೀಸ್ಟೈಲ್. ಬಟರ್‌ಫ್ಲೈನಲ್ಲಿ ಎರಡೂ ತೋಳು ಒಟ್ಟಿಗೆ ನೀರಿನ ಮೇಲೆ ಬೀಸಬೇಕು, ಭುಜ ಬೇಗ ಸೋಲುತ್ತದೆ. ಅಲ್ಲಿ ಮುನ್ನುಗ್ಗಿದವರು 100 ಮೀಟರ್‌ಗೆ ಮುಂದಿರುತ್ತಾರೆ, ಟಿವಿ ನೋಡುವವರು ಅವರೇ ಗೆಲ್ಲುತ್ತಾರೆ ಅಂದುಕೊಳ್ಳುತ್ತಾರೆ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಮುಖ ಮೇಲಿರುವುದರಿಂದ ಉಸಿರಿಗೆ ಬಿಡುವು ಸಿಗುತ್ತದೆ. ಜಾಣರು ಅಲ್ಲಿ ಸುಧಾರಿಸಿಕೊಳ್ಳುತ್ತಾರೆ. ಪಂದ್ಯ ತಿರುಗುವುದು ಹೆಚ್ಚಾಗಿ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ. ನಾಲ್ಕರಲ್ಲಿ ಅದೇ ನಿಧಾನದ್ದು, ಅದರಲ್ಲಿ ಬಲವಿರುವವರಿಗೂ ಇಲ್ಲದವರಿಗೂ ಅಂತರ ದೊಡ್ಡದಾಗಿ ತೆರೆದುಕೊಳ್ಳುತ್ತದೆ. 200 ಮೀಟರ್‌ವರೆಗೆ ನಾಲ್ಕನೆಯವಳಾಗಿದ್ದವಳು 300ಕ್ಕೆ ಎರಡನೆಯವಳಾಗಿರುತ್ತಾಳೆ. ಕಾಲು ಹೊರಳಿಸುವ ಲಯ ತಪ್ಪಿದೆಯೇ, ಗೋಡೆ ಮುಟ್ಟಿ ತಿರುಗುವಾಗ ಒಂದು ಉಸಿರು ಹೆಚ್ಚು ತೆಗೆದುಕೊಂಡಳೇ ಎಂಬುದರಲ್ಲಿ ದಣಿವು ಮೊದಲು ಕಾಣಿಸಿಕೊಳ್ಳುತ್ತದೆ. ಕೊಳದ ಅಂಚಿನಲ್ಲಿ ಕೂತು, “ಈಗ ಮುಂದಿರುವವಳನ್ನು ನೋಡಬೇಡಿ, ಐದನೇ ಲೇನ್ ನೋಡಿ” ಎಂದು ಬಿಡಿಸಿ ಹೇಳಬಲ್ಲ ಮನುಷ್ಯ ಟಿವಿಗೆ ಬೇಕು. ನಾಲ್ಕೂ ಶೈಲಿಯಲ್ಲಿ ವಿಶ್ವಮಟ್ಟದಲ್ಲಿ ಈಜಿದವರಿಗೆ ಆ ಕಣ್ಣು ಸಹಜವಾಗಿ ಇರುತ್ತದೆ. ಒಂದೇ ಶೈಲಿಯ ಚಾಂಪಿಯನ್‌ಗೆ ಅದು ಅಷ್ಟು ಸುಲಭದಲ್ಲಿ ದಕ್ಕುವುದಿಲ್ಲ.

ಅದರ ಜತೆಗೆ ಕಾಲವೂ ಕೂಡಿಬಂತು. ಟೋಕಿಯೋದಲ್ಲಿ ಅಧಿಕೃತ ಸಮಯ ಕೈಯಲ್ಲಿ ಹಿಡಿದ ಸ್ಟಾಪ್‌ವಾಚುಗಳದ್ದು. ಪುರುಷರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಮೂರನೇ ಸ್ಥಾನಕ್ಕೆ ಇಬ್ಬರ ಸಮಯ ಒಂದೇ ಬಂದು, ತೀರ್ಪುಗಾರರ ನಡುವೆ ಒಮ್ಮತ ಬಾರದೆ, ಕೊನೆಗೆ ಅನಧಿಕೃತ ಎಲೆಕ್ಟ್ರಾನಿಕ್ ಗಡಿಯಾರವನ್ನು ನೋಡಿ ಕಂಚು ಕೊಡಬೇಕಾಯಿತು. 1968ರ ಮೆಕ್ಸಿಕೋ ಹೊತ್ತಿಗೆ ಗೋಡೆಗೆ ಈಜುಗಾರರು ಮುಟ್ಟಿದೊಡನೆ ಸಮಯ ದಾಖಲಿಸುವ ಟಚ್‌ಪ್ಯಾಡ್ ಬಂದಿತ್ತು, ಬಣ್ಣದ ನೇರ ಪ್ರಸಾರ ಬಂದಿತ್ತು. ಆ ಒಲಿಂಪಿಕ್ಸ್‌ಗೆ ಅವರು ಹೋದದ್ದು ವಿವರಣೆಗಾರ್ತಿಯಾಗಿ. ತಾವೇ ಈಜಬಹುದಾಗಿದ್ದ ಕೊಳದ ಬದಿಯಲ್ಲಿ, 21ರ ವಯಸ್ಸಿನಲ್ಲಿ, ಮೈಕ್ ಹಿಡಿದು ಕೂತಿದ್ದರು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಊರು ಅದು. ಗಾಳಿಯಲ್ಲಿ ಆಮ್ಲಜನಕದ ಒತ್ತಡ ಕಡಿಮೆ. ದೂರದ ಸ್ಪರ್ಧೆಗಳ ಕೊನೆಯ 100 ಮೀಟರ್‌ನಲ್ಲಿ ಈಜುಗಾರರ ಮೈ ಏನು ಹೇಳುತ್ತಿರುತ್ತದೆ ಎಂಬುದನ್ನು ತಿಳಿದು ಮಾತಾಡಬಲ್ಲವರು ಬೇಕಾಗಿದ್ದದ್ದು ಅಂಥ ಕಡೆಯಲ್ಲೇ.

ಏನೇನು ಮಾಡಿ ನೋಡಿದರು

ಮುಂದಿನ ಎರಡು ದಶಕಗಳಿಗೂ ಹೆಚ್ಚು ಕಾಲ ಅವರು ಎರಡು ದಾರಿಯಲ್ಲಿ ಒಟ್ಟಿಗೇ ನಡೆದರು. ಒಂದು ಟಿವಿಯದು. ವಿವರಣೆಯಿಂದ ವರದಿಗಾರಿಕೆಗೆ, ಕ್ರೀಡಾಪಟುಗಳ ಕುರಿತ ಕಿರುಕಥನಗಳಿಗೆ, ನಿರ್ಮಾಣಕ್ಕೆ ಹಬ್ಬಿಕೊಂಡರು. 1970ರ ದಶಕದ ಕೊನೆಗೆ ಇನ್ನೊಂದು ರಾಷ್ಟ್ರೀಯ ವಾಹಿನಿಗೆ ಹೋದರು. 1980ರ ಮಾಸ್ಕೋ ಒಲಿಂಪಿಕ್ಸ್‌ನ ಪ್ರಸಾರ ಹಕ್ಕು ಆ ವಾಹಿನಿಯ ಕೈಯಲ್ಲಿತ್ತು. ಅಮೆರಿಕ ಆ ಕೂಟವನ್ನೇ ಬಹಿಷ್ಕರಿಸಿತು. ದೊಡ್ಡ ವೇದಿಕೆ ರಾಜಕೀಯದ ಒಂದು ತೀರ್ಮಾನದಿಂದ ಕೈತಪ್ಪಿತು. 1980ರ ದಶಕದ ಆರಂಭದಲ್ಲಿ ಹಳೆಯ ವಾಹಿನಿಗೆ ಮರಳಿದರು. ಅಲ್ಲಿನ ಮುಖ್ಯಸ್ಥರ ವಿಶೇಷ ಸಹಾಯಕಿಯಾಗಿಯೂ ಕೆಲಸ ಮಾಡಿದರು. ಕ್ಯಾಮೆರಾದ ಮುಂದೆ ಇರುವುದರ ಜತೆ ನಿರ್ಧಾರಗಳಾಗುವ ಕೋಣೆಯಲ್ಲೂ ಕೂರಬೇಕೆಂಬ ಆಸೆ ಅವರಿಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. 1991ರಲ್ಲಿ ಬೌದ್ಧಿಕ ಸವಾಲುಳ್ಳ ಕ್ರೀಡಾಪಟುವೊಬ್ಬರ ಕಥನಕ್ಕೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಬಂತು.

ಎರಡನೆಯ ದಾರಿ ಟಿವಿಯ ಹೊರಗಿನದು. ಈ ಪ್ರಕರಣದ ಜೀವಾಳ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ತಮ್ಮನ್ನು ಕೊಳದಿಂದ ಹೊರಗೆ ಕಳಿಸಿದ ವ್ಯವಸ್ಥೆಯನ್ನು ಅವರು ಮರೆಯಲಿಲ್ಲ. 1970ರ ದಶಕದಲ್ಲಿ ಮಹಿಳಾ ಕ್ರೀಡೆಯ ಪರವಾಗಿ ದುಡಿಯುವ ಒಂದು ರಾಷ್ಟ್ರೀಯ ಪ್ರತಿಷ್ಠಾನ ಕಟ್ಟುವುದರಲ್ಲಿ ಟೆನಿಸ್‌ನ ದಿಗ್ಗಜೆಯೊಬ್ಬರ ಜತೆ ಕೈಜೋಡಿಸಿದರು, ಅದರ ಆರಂಭದ ವರ್ಷಗಳ ಅಧ್ಯಕ್ಷತೆ ವಹಿಸಿದರು. ಒಲಿಂಪಿಕ್ ಕ್ರೀಡೆಗಳ ಆಡಳಿತ ಹೇಗಿರಬೇಕು ಎಂದು ಪರಿಶೀಲಿಸಲು ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಆಯೋಗದಲ್ಲಿ ಸದಸ್ಯೆಯಾಗಿದ್ದರು. ಆ ಆಯೋಗದ ಶಿಫಾರಸುಗಳಿಂದಲೇ 1978ರ ಹವ್ಯಾಸಿ ಕ್ರೀಡಾ ಕಾಯ್ದೆ ರೂಪುಗೊಂಡಿತು. ಟೈಟಲ್ ನೈನ್ ಜಾರಿಯಾದ ಮೇಲೆ ಅದನ್ನು ಸಡಿಲಿಸಲು ಪ್ರಯತ್ನಗಳಾದಾಗಲೆಲ್ಲ ಅದರ ಪರ ನಿಂತವರಲ್ಲಿ ಅವರೂ ಒಬ್ಬರು.

ಇದನ್ನು ಕೇಳಿದ ಕೆಲವರು, ಅದು ಸಮಾಜಸೇವೆ, ವೃತ್ತಿಯ ಜತೆ ಏಕೆ ಬೆರೆಸುತ್ತೀರಿ ಎನ್ನಬಹುದು. ನನಗೆ ಹಾಗೆ ತೋರುವುದಿಲ್ಲ. ಟಿವಿಯಲ್ಲಿ ಅವರು ಹೇಳುತ್ತಿದ್ದ ಕಥೆಗಳಿಗೆ ಆಳ ಬಂದದ್ದು ಈ ಕೆಲಸದಿಂದ. ಯಾವ ಕ್ರೀಡೆಗೆ ಹಣ ಎಲ್ಲಿಂದ ಬರುತ್ತದೆ, ಒಬ್ಬ ಹುಡುಗಿ 18ಕ್ಕೆ ಏಕೆ ಆಟ ಬಿಡುತ್ತಾಳೆ, ಫೆಡರೇಷನ್ ಸಭೆಗಳಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಪತ್ರಿಕಾಗೋಷ್ಠಿಗಳಲ್ಲಿ ಸಿಗುವ ಮಾಹಿತಿಯಲ್ಲ.

ಕುಸಿತ

ಕುಸಿತ ಒಂದೇ ದಿನ ಬರಲಿಲ್ಲ. ಅವರ ವಾಹಿನಿ ದಶಕಗಳ ಕಾಲ ಅಮೆರಿಕದಲ್ಲಿ ಒಲಿಂಪಿಕ್ಸ್‌ಗೆ ಹೆಸರಾಗಿತ್ತು. 1988ರ ಕ್ಯಾಲ್ಗರಿ ಚಳಿಗಾಲದ ಕೂಟದೊಂದಿಗೆ ಅದು ಮುಗಿಯಿತು. ಆಮೇಲಿನ ಹಕ್ಕುಗಳು ಪ್ರತಿಸ್ಪರ್ಧಿಗಳ ಪಾಲಾದವು. ಈಜು, ಅಥ್ಲೆಟಿಕ್ಸ್, ಜಿಮ್ನಾಸ್ಟಿಕ್ಸ್‌ಗೆ ಟಿವಿಯಲ್ಲಿ ಬೆಲೆ ಬರುವುದೇ ಒಲಿಂಪಿಕ್ಸ್‌ನಿಂದ. ಅದಿಲ್ಲದ ವಾಹಿನಿಯಲ್ಲಿ ಒಲಿಂಪಿಕ್ ಪರಿಣತಿಯವರು ಎಷ್ಟೇ ಅನುಭವಿಗಳಾದರೂ ಅಂಚಿಗೆ ಸರಿಯುತ್ತಾರೆ. 1990ರ ದಶಕದ ನಡುವೆ ವಾಹಿನಿಯ ಮಾಲೀಕತ್ವವೂ ಬದಲಾಯಿತು. ಕ್ರೀಡಾ ವಿಭಾಗದ ಹಿಡಿತ ಅದೇ ಸಮೂಹದ ಕೇಬಲ್ ಕ್ರೀಡಾ ವಾಹಿನಿಯಿಂದ ಬಂದವರ ಕೈಗೆ ಹೋಯಿತು. ಈಜುಗಾರ್ತಿಯನ್ನು ಬೆಳೆಸಿದ್ದ, ಕೆಲಸ ಬಲ್ಲ ಹಿರಿಯರು ಅಧಿಕಾರದಲ್ಲಿ ಉಳಿದಿರಲಿಲ್ಲ.

1998ರಲ್ಲಿ ಅವರ ಒಪ್ಪಂದ ನವೀಕರಣವಾಗಲಿಲ್ಲ. ಆಗ ಅವರ ವಯಸ್ಸು 50ರ ಆಸುಪಾಸು. ಮುಂದೆ ಅವರು ನ್ಯಾಯಾಲಯದಲ್ಲಿ ಮಾಡಿದ ಆರೋಪದ ಪ್ರಕಾರ, 18ರಿಂದ 39ರ ವಯಸ್ಸಿನ ಗಂಡಸರನ್ನು ಸೆಳೆಯುವ ಶಕ್ತಿ ನಿಮಗಿಲ್ಲ ಎಂಬರ್ಥದ ಕಾರಣ ಕೊಡಲಾಯಿತು. ವಾಹಿನಿ ಆರೋಪವನ್ನು ಒಪ್ಪಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅವರ ಸಮಕಾಲೀನ ಗಂಡಸರು, ಕೆಲವರು ಇನ್ನೂ ಹಿರಿಯರು, ಅಮೆರಿಕದ ಕ್ರೀಡಾ ಪ್ರಸಾರದಲ್ಲಿ ಆಗ ಗೌರವದ ಕುರ್ಚಿಗಳಲ್ಲಿದ್ದರು. ನರೆತ ಕೂದಲು ಅವರಿಗೆ ಅನುಭವದ ಗುರುತು. 17ನೇ ವಯಸ್ಸಿಗೆ ಹೆಣ್ಣೆಂಬ ಕಾರಣಕ್ಕೆ ಕಾಲೇಜಿನ ಕೊಳ ಸಿಗದವರಿಗೆ 50ರ ಸುಮಾರಿಗೆ ಹೆಣ್ಣು ಮತ್ತು ವಯಸ್ಸು ಎರಡೂ ಕೂಡಿ ಕ್ಯಾಮೆರಾ ತಪ್ಪಿತು ಎಂದು ಅವರು ವಾದಿಸಿದರೆ ಅದನ್ನು ಹಗುರವಾಗಿ ತಳ್ಳಿಹಾಕುವುದು ನನಗಂತೂ ಸಾಧ್ಯವಿಲ್ಲ.

ನಿರ್ಣಾಯಕ ಎರಡು ವರ್ಷ

ಕೆಲಸ ಹೋದ ಮೇಲಿನ ಎರಡು ವರ್ಷಗಳಲ್ಲಿ ನಡೆದದ್ದನ್ನು ನಾನು ವಿದ್ಯಾರ್ಥಿಗಳ ಮುಂದೆ ಮತ್ತೆ ಮತ್ತೆ ಇಡುತ್ತೇನೆ.

1999ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಅಮೆರಿಕದಲ್ಲಿ ನಡೆಯಿತು. ಅದರ ಸಂಘಟನಾ ಸಮಿತಿಯ ಅಧ್ಯಕ್ಷೆ ಇವರೇ. ಎರಡು ದಶಕ ಪ್ರತಿಷ್ಠಾನ, ಆಯೋಗ, ಸಮಿತಿಗಳಲ್ಲಿ ಕಟ್ಟಿಕೊಂಡ ವಿಶ್ವಾಸ ಇಲ್ಲಿ ಕೈಹಿಡಿಯಿತು. ಮಹಿಳೆಯರ ಫುಟ್‌ಬಾಲ್‌ಗೆ ಜನ ಬರುತ್ತಾರೆಯೇ ಎಂಬ ಅನುಮಾನ ಹಲವರಲ್ಲಿತ್ತು. ಸಣ್ಣ ಮೈದಾನ ಸಾಕು ಎಂಬ ಸುರಕ್ಷಿತ ಲೆಕ್ಕಾಚಾರ ಬಿಟ್ಟು, ದೊಡ್ಡ ಕ್ರೀಡಾಂಗಣಗಳಿಗೇ ಕೈಹಾಕಿದರು. 1999ರ ಜುಲೈ 10ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ನಡೆದ ಫೈನಲ್‌ಗೆ ಬಂದವರು 90,185 ಮಂದಿ. ಅಮೆರಿಕ ಚೀನಾವನ್ನು ಪೆನಾಲ್ಟಿಯಲ್ಲಿ ಮಣಿಸಿತು. ಆ ಪಂದ್ಯವನ್ನು ನೇರ ಪ್ರಸಾರ ಮಾಡಿದ್ದು ಹಿಂದಿನ ವರ್ಷ ಇವರನ್ನು ಕೈಬಿಟ್ಟಿದ್ದ ವಾಹಿನಿಯೇ. ಗಂಡಸರನ್ನು ಸೆಳೆಯಲಾರಿರಿ ಎಂಬ ಮಾತು ಕೇಳಿಸಿಕೊಂಡೆ ಎಂದು ಹೇಳಿದ ಹೆಣ್ಣುಮಗಳು ಮುನ್ನಡೆಸಿದ ಕೂಟ ಅದೇ ವಾಹಿನಿಗೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರನ್ನೂ ತಂದುಕೊಟ್ಟಿತು.

ಆ ಗೆಲುವಿನ ಬಳಿಕ ಸುಮ್ಮನಿದ್ದುಬಿಡುವ ಆಯ್ಕೆ ಇತ್ತು. ಬೇರೆಡೆ ಗೌರವ ಸಿಕ್ಕಿದೆ, ಹಳೆಯದನ್ನು ಕೆದಕುವುದೇಕೆ ಎಂದು ಸಲಹೆ ಕೊಡುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಅವರು 2000ದಲ್ಲಿ ವಯಸ್ಸು ಮತ್ತು ಲಿಂಗದ ತಾರತಮ್ಯ ಎಂದು ಆರೋಪಿಸಿ 5 ಕೋಟಿ ಡಾಲರ್ ಮೊತ್ತದ ಮೊಕದ್ದಮೆ ಹೂಡಿದರು. ಟಿವಿ ಉದ್ಯಮದಲ್ಲಿ ದೊಡ್ಡ ವಾಹಿನಿಯನ್ನು ಎದುರು ಹಾಕಿಕೊಂಡರೆ ಮತ್ತೆಲ್ಲೂ ಕೆಲಸ ಸಿಗದೇ ಹೋಗಬಹುದು. ಹಾಗಿದ್ದೂ ಹೋದರು. 2002ರಲ್ಲಿ ವ್ಯಾಜ್ಯ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಹೊರಗೆ ಇತ್ಯರ್ಥವಾದ್ದರಿಂದ ಮುಂದಿನವರಿಗೆ ಆಧಾರವಾಗುವ ತೀರ್ಪು ಬರಲಿಲ್ಲ. ಇದು ಈ ಪ್ರಕರಣದ ಒಂದು ಕೊರತೆ. ಆದರೆ ಒಪ್ಪಂದ ನವೀಕರಿಸದಿರುವುದು ಪ್ರಶ್ನಾತೀತ ವಿಷಯವಲ್ಲ ಎಂಬುದು ಎಲ್ಲ ವಾಹಿನಿಗಳ ಕಾನೂನು ವಿಭಾಗಕ್ಕೂ ಮುಟ್ಟಿರಲೇಬೇಕು.

ಅಷ್ಟರಲ್ಲೇ ಇನ್ನೊಂದು ಕೆಲಸ ಶುರುವಾಗಿತ್ತು. ಟೈಟಲ್ ನೈನ್ ಅನ್ನು ಮರುಪರಿಶೀಲಿಸಲು ಅಮೆರಿಕದ ಶಿಕ್ಷಣ ಇಲಾಖೆ 2002ರಲ್ಲಿ ಒಂದು ಆಯೋಗ ರಚಿಸಿತು. ಇವರೂ ಸದಸ್ಯೆ. 2003ರ ಆರಂಭದಲ್ಲಿ ವರದಿ ಸಿದ್ಧವಾದಾಗ, ಅದು ಕಾನೂನಿನ ಬಲ ಕುಗ್ಗಿಸುತ್ತದೆ ಎಂದು ಇವರು ಮತ್ತು ಒಬ್ಬ ಫುಟ್‌ಬಾಲ್ ಆಟಗಾರ್ತಿ ಸಹಿ ಹಾಕಲು ನಿರಾಕರಿಸಿ, ಅಲ್ಪಮತದ ಪ್ರತ್ಯೇಕ ವರದಿ ಕೊಟ್ಟರು. ಆ ವರ್ಷವೇ ಸರ್ಕಾರ ಇರುವ ನೀತಿಯಲ್ಲಿ ದೊಡ್ಡ ಬದಲಾವಣೆ ಇಲ್ಲ ಎಂದು ತಿಳಿಸಿತು.

ಕಲಿಯಬೇಕಾದದ್ದು

ಈ ಪ್ರಕರಣವನ್ನು ಬೆಂಗಳೂರಿಗೆ ಹಾಗೆಯೇ ಎತ್ತಿ ತಂದಿಡಲಾಗದು. ಆದರೂ ನಮ್ಮ ರಾಜ್ಯ ದೇಶಕ್ಕೆ ಈಜುಗಾರರನ್ನು ಕೊಡುತ್ತಲೇ ಬಂದಿದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ನಿಶಾ ಮಿಲೆಟ್ ಈಜಿದರು, ಮುಂದೆ ಬೆಂಗಳೂರಿನಲ್ಲೇ ಅಕಾಡೆಮಿ ಕಟ್ಟಿದರು. ಶ್ರೀಹರಿ ನಟರಾಜ್ 2020ರ ಹೆಸರಿನ ಟೋಕಿಯೋ ಕೂಟ ಮತ್ತು 2024ರ ಪ್ಯಾರಿಸ್ ಎರಡರಲ್ಲೂ ಇದ್ದರು. 2024ರ ಪ್ಯಾರಿಸ್‌ಗೆ ಹೋದಾಗ ಧಿನಿಧಿ ದೇಸಿಂಗು ಅವರಿಗೆ ಬರೀ 14. ಒಂಬತ್ತನೇ ತರಗತಿಯ ವಯಸ್ಸಿನಲ್ಲಿ ಒಲಿಂಪಿಕ್ ಕೊಳಕ್ಕಿಳಿಯುವ ಹುಡುಗಿಯರು ನಮ್ಮಲ್ಲಿರುವಾಗ, ಈಜು ನಿಲ್ಲುವ ದಿನದ ಬಗ್ಗೆ ಯೋಚಿಸುವುದು ಅಪಶಕುನ ಅಂದುಕೊಳ್ಳಬಾರದು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಬಂತೆಂದು ಕೊಳ ಬಿಡುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಅವರಲ್ಲಿ ಪದಕ ಇಲ್ಲದವರೇ ಹೆಚ್ಚು. ಈಜಿನ ಜ್ಞಾನ ಮಾತ್ರ ಎಲ್ಲರಲ್ಲೂ ಇದೆ.

ಪ್ರಕರಣದಲ್ಲಿ ನನಗೆ ಮೊದಲು ಕಾಣುವುದು ಆ ಜ್ಞಾನವನ್ನು ಮಾತಾಗಿಸುವ ಶಿಸ್ತು. ಕನ್ನಡದಲ್ಲಿ ಕ್ರಿಕೆಟ್‌ಗೂ ಕಬಡ್ಡಿಗೂ ಮಾಜಿ ಆಟಗಾರರು ವಿವರಣೆ ಕೊಡುವುದನ್ನು ನಾವೀಗ ಮನೆಯಲ್ಲಿ ಕೂತು ಕೇಳುತ್ತೇವೆ. ಈಜಿಗೆ ಅಂಥ ದನಿಗಳು ಬೆಳೆದಿಲ್ಲ. ಬಸವನಗುಡಿಯ ಕೊಳದಲ್ಲಿ ರಾಜ್ಯಮಟ್ಟದ ಕೂಟ ನಡೆಯುವಾಗ ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮಂದಿರಿಗೆ ತಮ್ಮ ಮಗುವಿನ ಲೇನ್ ಬಿಟ್ಟು ಉಳಿದ ಏಳರಲ್ಲಿ ಏನಾಗುತ್ತಿದೆ ಎಂದು ಹೇಳುವವರಿಲ್ಲ. ಈಜು ಬಿಟ್ಟ ಹುಡುಗಿಯೊಬ್ಬಳು ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತ 400 ಮೀಟರ್ ಮೆಡ್ಲೆಯ ಒಂದು ಹೀಟ್ ಅನ್ನು ಪೂರ್ತಿ ವಿವರಿಸಿ, ಆಮೇಲೆ ಸ್ಪ್ಲಿಟ್ ಸಮಯಗಳ (ಸ್ಪರ್ಧೆಯ ಪ್ರತಿ ಹಂತಕ್ಕೆ ಹಿಡಿದ ಸಮಯ) ಜತೆ ಹೋಲಿಸಿ, ಎಲ್ಲಿ ಸರಿಯಾಗಿ ಕಂಡೆ, ಎಲ್ಲಿ ಕಾಣಲಿಲ್ಲ ಎಂದು ನೋಡಿದರೆ ಅದೇ ಅಭ್ಯಾಸ. ಕ್ಯಾಮೆರಾ ಬರುವವರೆಗೆ ಕಾಯಬೇಕಿಲ್ಲ.

ಎರಡನೆಯದು, ಒಂದೇ ಸಂಸ್ಥೆಯನ್ನೂ ಒಂದೇ ಕೂಟದ ಹಕ್ಕನ್ನೂ ನಂಬಿದ ವೃತ್ತಿ ಎಷ್ಟು ನಾಜೂಕಾದದ್ದು ಎಂಬುದು. 1980ರ ಬಹಿಷ್ಕಾರವಾಗಲಿ, 1988ರ ಬಳಿಕ ಒಲಿಂಪಿಕ್ಸ್ ಕೈಬಿಟ್ಟದ್ದಾಗಲಿ, ಮಾಲೀಕರು ಬದಲಾದದ್ದಾಗಲಿ ಅವರ ಕೆಲಸದ ಗುಣಮಟ್ಟಕ್ಕೆ ಸಂಬಂಧಿಸಿದ್ದಲ್ಲ. ಆದರೆ ಮೂರರ ಪೆಟ್ಟೂ ಅವರ ಮೇಲೆ ಬಿತ್ತು. 1998ರಲ್ಲಿ ಅವರನ್ನು ಬೀದಿಗೆ ಬೀಳದಂತೆ ಕಾಪಾಡಿದ್ದು ಹೊರಗೆ ಕಟ್ಟಿದ್ದ ಎರಡನೆಯ ದಾರಿ. ಅದನ್ನು ಕೆಲಸ ಹೋದ ಮೇಲೆ ಕಟ್ಟಲು ಹೊರಟಿದ್ದರೆ 1999 ಕೈಗೂಡುತ್ತಿರಲಿಲ್ಲ.

ಈ ಪ್ರಕರಣ ಚರ್ಚಿಸುವಾಗ ಸದಾ ಏಳುವ ಪ್ರಶ್ನೆಯೊಂದಿದೆ: ಅವರು 1965ರಲ್ಲಿ ಈಜು ಬಿಟ್ಟದ್ದು ಸರಿಯೇ? ಪದಕಗಳ ಲೆಕ್ಕದಲ್ಲಿ ನಷ್ಟವೇ ಆಗಿರಬಹುದು. ಆದರೆ 21ರವರೆಗೆ ಕಾದಿದ್ದರೆ ವಾಹಿನಿ ಅಷ್ಟರಲ್ಲಿ ಇನ್ನೊಬ್ಬರನ್ನು ಕೂರಿಸಿರುತ್ತಿತ್ತೋ ಏನೋ. ನನ್ನ ಮಟ್ಟಿಗೆ, ಆಯ್ಕೆ ಸರಿಯಿತ್ತು, ಆಯ್ಕೆ ಮಾಡಲೇಬೇಕಾದ ಪರಿಸ್ಥಿತಿ ತಪ್ಪಾಗಿತ್ತು. ಇವತ್ತಿನ ಅಮೆರಿಕದ ಹುಡುಗಿ ಕಾಲೇಜಿನ ವಿದ್ಯಾರ್ಥಿವೇತನದಲ್ಲಿ ಈಜುತ್ತಲೇ ಪತ್ರಿಕೋದ್ಯಮ ಓದಬಹುದು. ನಮ್ಮ ಕಾಲೇಜುಗಳಲ್ಲಿ ಕ್ರೀಡಾ ಕೋಟಾ ಸೀಟು ಕೊಡುತ್ತದೆ. ಬೆಳಗಿನ ತರಬೇತಿ ಮುಗಿಸಿ ಬಂದವಳಿಗೆ ಹಾಜರಾತಿಯಲ್ಲಿ ರಿಯಾಯಿತಿ ಸಿಗುವುದು ಪ್ರಾಂಶುಪಾಲರ ಮನಸ್ಸನ್ನು ಅವಲಂಬಿಸಿದೆ. ಪೋಷಕರು ಸೀಟು ತೆಗೆದುಕೊಳ್ಳುವ ಮೊದಲೇ ಇದನ್ನು ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಬರಹದ ಮಾತು ಟಿವಿ ಕೆಲಸಕ್ಕೂ ಅನ್ವಯಿಸುತ್ತದೆ. ಮಾಜಿ ಕ್ರೀಡಾಪಟುಗಳಿಗೆ ವಾಹಿನಿಗಳು ಹೆಚ್ಚಾಗಿ ಕೂಟವಾರು ಕರೆ ಕಳಿಸುತ್ತವೆ, ದಿನದ ಸಂಭಾವನೆ ಹೇಳುತ್ತವೆ. ಮೊದಲ ಸಲ ಕರೆ ಬಂದ ಖುಷಿಯಲ್ಲಿ ಯಾರೂ ಕಾಗದ ಓದುವುದಿಲ್ಲ. ಒಪ್ಪಂದ ಎಷ್ಟು ಕಾಲದ್ದು, ಮುಗಿಯುವ ಎಷ್ಟು ದಿನ ಮೊದಲು ತಿಳಿಸಬೇಕು, ಕೆಲಸವನ್ನು ಅಳೆಯುವವರು ಯಾರು, ಯಾವ ಮಾನದಂಡದಲ್ಲಿ, ನಾನು ಮಾಡಿದ ಕಥನಗಳ ಮೇಲೆ ನನ್ನ ಹೆಸರು ಉಳಿಯುತ್ತದೆಯೇ, ಅದೇ ವೇಳೆ ಬೇರೆಡೆ ತರಬೇತಿ ಕೊಡಲು ಅಡ್ಡಿ ಇದೆಯೇ ಎಂಬುದನ್ನು ಸಹಿ ಹಾಕುವ ಮುನ್ನ ವಕೀಲರೊಬ್ಬರಿಗೆ ತೋರಿಸಬೇಕು. ಕೊಟ್ಟ ಕಾರಣಗಳನ್ನೂ ನಡೆದ ಮಾತುಕತೆಗಳನ್ನೂ ದಿನಾಂಕ ಸಮೇತ ಬರೆದಿಟ್ಟುಕೊಳ್ಳುವುದು ಅದರಷ್ಟೇ ಮುಖ್ಯ. 1998ರಲ್ಲಿ ಹೇಳಿದ್ದೆನ್ನಲಾದ ಒಂದು ಮಾತೇ 2000ದ ಮೊಕದ್ದಮೆಯ ಕೇಂದ್ರದಲ್ಲಿತ್ತು.